ಪ್ರೆಸ್ ನಿಂತ ಹೊತ್ತು

“ಕಮ್ಮಿ ಅಮ್ಮ. ಇನ್ನೂ ಕಮ್ಮಿ,” ಎಂದು ಅಂಬರೀಶ್ ಹೆಡ್‌ಫೋನನ್ನು ಕಿವಿಯಿಂದ ಕುತ್ತಿಗೆಗೆ ಇಳಿಸಿಕೊಂಡ. “ನೀವು ಮಾಡಿದ್ದು ತಪ್ಪು ಅಂತಲ್ಲ. ಆದ್ರೆ ಕ್ಯಾಮೆರಾ ಇಲ್ಲೇ ಇದೆ ನೋಡಿ, ಕೈಗೆ ಸಿಗೋ ಹಾಗೆ. ಮೈಕು ಅದಕ್ಕಿಂತ ಹತ್ರ. ಅದರಾಚೆ ಯಾರೂ ಇಲ್ಲ.”

ಮಹಾನಂದಾ ತಲೆಯಾಡಿಸಿದಳು. ಅವಳ ಮುಂದೆ ತಗಡಿನ ಮೇಜಿನ ಮೇಲೆ ಒಂದು ಸ್ಟೀಲಿನ ಊಟದ ಡಬ್ಬಿ, ಒಂದು ಜೊತೆ ಬೂಟು, ಮಡಿಸಿದ ನೀಲಿ ಅಂಗಿ ಇದ್ದವು. ಸಿನಿಮಾದಲ್ಲಿ ಅವು ಸತ್ತ ಮಗನ ಸಾಮಾನು. ಊರಿನಿಂದ ಬಂದ ತಾಯಿ ಕಾರ್ಖಾನೆಯ ಆಫೀಸಿನಲ್ಲಿ ನಿಂತು, ಮೇಜಿನಾಚೆ ಕೂತ ಆಫೀಸಿನವನಿಂದ ಅವನ್ನು ಪಡೆದುಕೊಳ್ಳಬೇಕು. ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿ, “ಇದು ನನ್ನ ಮಗಂದಲ್ರೀ. ನನ್ನ ಮಗಾ ಡಬ್ಬಿ ತೊಳದ ಇಡತಿದ್ದ,” ಅನ್ನಬೇಕು. ಆಮೇಲೆ, ಸ್ವಲ್ಪ ತಡೆದು, “ಉಂಡಿಲ್ಲ ನೋಡ್ರಿ.” ಮಾತು ಅಷ್ಟೇ. ಕ್ಯಾಮೆರಾ ಅವಳ ಮುಖ, ಕೈ ಬಿಟ್ಟು ಎಲ್ಲಿಯೂ ಹೋಗುವುದಿಲ್ಲ.

ಗೋಡೆಯಾಚೆ ತಗಡು ಒತ್ತುವ ಪವರ್ ಪ್ರೆಸ್ ಬಡಿಯಿತು. ಪೀಣ್ಯದ ಈ ಸಾಲಿನಲ್ಲಿ ಶೆಡ್ಡಿಗೆ ಶೆಡ್ಡು ಅಂಟಿಕೊಂಡಿವೆ. ಮುಚ್ಚಿಹೋದ ಒಂದನ್ನು ಚಿತ್ರತಂಡ ಬಾಡಿಗೆಗೆ ಹಿಡಿದಿತ್ತು. ಪ್ರೆಸ್ಸಿನ ಏಟು ಮೊದಲು ಕಾಂಕ್ರೀಟು ನೆಲದೊಳಗಿಂದ ಬಂದು ಅಂಗಾಲನ್ನು ಮುಟ್ಟುತ್ತಿತ್ತು, ಕಿವಿಗೆ ಬರುವುದು ಅದರ ನಂತರ. ನಡುವಿನ ಅಂತರ ತೀರಾ ಸಣ್ಣದು, ಬರಿಗಾಲಿನಲ್ಲಿ ನಿಂತವರಿಗೆ ಮಾತ್ರ ತಿಳಿಯುವಂಥದ್ದು. ಪಾತ್ರಕ್ಕಾಗಿ ಮಹಾನಂದಾ ಬರಿಗಾಲಿನಲ್ಲಿ ನಿಂತಿದ್ದಳು.

ಈ ಚಿತ್ರಕ್ಕೆ ಡಬ್ಬಿಂಗ್ ಇರಲಿಲ್ಲ. ಆಡಿದ ಮಾತು ಆಡಿದ ಜಾಗದಲ್ಲೇ, ಉಸಿರಿನ ಸಮೇತ ದಾಖಲಾಗಬೇಕು. ಅದು ನಿರ್ದೇಶಕನಾದ ಅಂಬರೀಶನ ಹಠ. ಪಕ್ಕದವರು ತಗಡು ಬದಲಿಸುವಾಗ ಪ್ರೆಸ್ ಸ್ವಲ್ಪ ಸುಮ್ಮನಾಗುತ್ತಿತ್ತು. ಆ ಬಿಡುವಿಗೆ ಕಾದು, “ಆ್ಯಕ್ಷನ್” ಅನ್ನುತ್ತಿದ್ದರು. ಬೆಳಗಿನಿಂದ ಹೀಗೇ ನಡೆದಿತ್ತು. ಒಂದು ಸಲ ಪ್ರೆಸ್ ಕೆಡಿಸುತ್ತಿತ್ತು, ಇನ್ನೊಂದು ಸಲ ಮಹಾನಂದಾ.

“ಒಂದು ಕಡೆ ಪ್ರೆಸ್ ಜೋರು, ಇನ್ನೊಂದು ಕಡೆ ಅಮ್ಮ ಜೋರು,” ಎಂದ ಪ್ರೊಡಕ್ಷನ್ ಮ್ಯಾನೇಜರ್ ಗುರುರಾಜ್, ಎಲ್ಲರಿಗೂ ಕೇಳುವ ಹಾಗೆ. “ಮಧ್ಯದಲ್ಲಿ ಸೌಂಡ್‌ನೋನ ಕಿವಿ ಹೋಯ್ತು.”

ಲೈಟಿನವರು ನಕ್ಕರು. ಮಹಾನಂದಾ ಕೂಡ ನಕ್ಕಳು. ತನ್ನ ಮೇಲಿನ ತಮಾಷೆಗೆ ತಾನೇ ಮೊದಲು ನಗುವುದನ್ನು ನಾಟಕ ಕಂಪನಿ ಕಲಿಸಿತ್ತು. ಆದರೆ ಇದೇ ಗುರುರಾಜ್ ಬೆಳಗಿನ ಇಡ್ಲಿಯ ಹೊತ್ತಿಗೆ ಪಕ್ಕಕ್ಕೆ ಕರೆದು ತಗ್ಗಿದ ದನಿಯಲ್ಲಿ ಹೇಳಿದ್ದು ತಮಾಷೆಯಾಗಿರಲಿಲ್ಲ. “ಅಮ್ಮ, ತಪ್ಪು ತಿಳ್ಕೋಬೇಡಿ. ಎರಡು ದಿನದ ಫುಟೇಜ್ ನೋಡಿ ಪ್ರೊಡ್ಯೂಸರ್ ‘ನಾಟಕ ಜಾಸ್ತಿ ಆಯ್ತು’ ಅಂದ್ರು. ಬೇರೆಯವರ ಹತ್ರ ಮಾತಾಡಿಟ್ಟಿದಾರೆ. ಇವತ್ತೊಂದು ದಿನ ನೋಡೋಣ ಅಂತ ಅಂಬರೀಶ್ ಸಾರ್ ಹಠ ಹಿಡಿದಿದಾರೆ. ಈ ಸೀನ್ ನಿಂತ್ರೆ ನೀವು. ಇಲ್ದಿದ್ರೆ ನಾಳೆಯಿಂದ ಅವರು ಬರ್ತಾರೆ.”

ಈ ಪಾತ್ರಕ್ಕೆ ಒಂದು ಹೆಸರಿತ್ತು. ಹೊರಗಿನವರಿಗೆ ಇದು ಸಣ್ಣ ಸಂಗತಿ. ಬೆಂಗಳೂರಿಗೆ ಬಂದ ಮೇಲೆ ಮಹಾನಂದಾ ಮಾಡಿದ ಪಾತ್ರಗಳೆಲ್ಲ ಹೆಸರಿಲ್ಲದವು. ಧಾರಾವಾಹಿಯಲ್ಲಿ ಕೆಲಸದಾಕೆ, ಎದುರುಮನೆಯಾಕೆ, ಆಸ್ಪತ್ರೆಯ ಬೆಂಚಿನಲ್ಲಿ ಅಳುವಾಕೆ. ಸಿನಿಮಾದಲ್ಲಿ ಹೊಸ ಜೋಡಿಗೆ ಆರತಿ ಎತ್ತಿ ಚೌಕಟ್ಟಿನಿಂದ ಹೊರಗೆ ಹೋಗುವಾಕೆ. ಮನೆಯಿದ್ದ ಹೆಬ್ಬಗೋಡಿಯ ತರಕಾರಿ ಅಂಗಡಿಯಲ್ಲಿ ಜನ ಅವಳನ್ನು ಗುರುತಿಸುತ್ತಿದ್ದರು. “ನೀವು ಆ ಸೀರಿಯಲ್‌ನಲ್ಲಿ ಬರ್ತೀರಲ್ವಾ?” ಎಂದು ಕೇಳುತ್ತಿದ್ದರು. ಯಾವ ಪಾತ್ರವೆಂದು ಮಾತ್ರ ಅವರಿಗೆ ನೆನಪಾಗುತ್ತಿರಲಿಲ್ಲ.

ಅದಕ್ಕೂ ಮೊದಲು ಅವಳು ಕಂಪನಿಯ ನಾಯಕಿ. ಹುಟ್ಟಿದ್ದೇ ಕಂಪನಿಯ ಬಿಡಾರದಲ್ಲಿ. ತಾಯಿ ಮಲಕವ್ವ ತಾಯಿಯ ಪಾತ್ರಗಳಿಗೆ ಹೆಸರಾದವಳು. ಮಗಳು ಮೊದಲು ತೊಟ್ಟಿಲಲ್ಲಿ ಅಳುವ ಕೂಸಾಗಿ ರಂಗಕ್ಕೆ ಬಂದಳು, ಆಮೇಲೆ ಬಾಲಕಿ, ಆಮೇಲೆ ನಾಯಕಿ. ಬಾಗಲಕೋಟೆ, ಗದಗ, ಕುಷ್ಟಗಿ, ಸಿಂಧನೂರು ಎಂದು ಕ್ಯಾಂಪಿನಿಂದ ಕ್ಯಾಂಪಿಗೆ ತಗಡು, ಬಿದಿರು, ಪರದೆಗಳೊಂದಿಗೆ ಲಾರಿಯಲ್ಲಿ ಬದುಕು ಸಾಗುತ್ತಿತ್ತು. ಟಿಕೆಟ್ಟು ಅಗ್ಗವಾದ ‘ನೆಲ’ದ ಜನ ಎಲ್ಲರಿಗಿಂತ ಹಿಂದೆ ಕೂರುತ್ತಿದ್ದರು. ಅವರಿಗೆ ಮುಟ್ಟದ ಮಾತು ಮಾತೇ ಅಲ್ಲ. ಮುಟ್ಟಿತೆಂದರೆ ಅವರೇ ಮೊದಲು ಕೂಗುವವರು: “ಒನ್ಸ್ ಮೋರ್!” ಕೂಗಿದರೆ ಮತ್ತೆ ಮಾಡಲೇಬೇಕು. ಹಾಡಾದರೆ ಮತ್ತೆ ಹಾಡು. ಸಾವಾದರೆ ಎದ್ದು ಮತ್ತೆ ಸಾವು.

ಕಂಪನಿ ಮುಚ್ಚಿ ಬೆಂಗಳೂರಿಗೆ ಬಂದಾಗ ಈ ಕಟ್ಟಳೆಯೇ ಅವಳನ್ನು ಮೊದಲ ದಿನ ನಗೆಪಾಟಲು ಮಾಡಿತ್ತು. ಯಾವುದೋ ಧಾರಾವಾಹಿಯ ಸೆಟ್ಟಿನಲ್ಲಿ ಅವಳ ಮಾತು ಮುಗಿದೊಡನೆ ನಿರ್ದೇಶಕ, “ಇದನ್ನೇ ಮತ್ತೆ ಮಾಡಿ,” ಎಂದಿದ್ದ. ಮಹಾನಂದಾಳಿಗೆ ಕಣ್ಣು ತುಂಬಿತು. ಮೊದಲನೆಯ ಮಾತಿಗೇ! ಅವಳು ನಾಲ್ಕೂ ಕಡೆ ತಿರುಗಿ ಲೈಟಿನವರಿಗೆ, ಟ್ರಾಲಿ ತಳ್ಳುವವರಿಗೆ, ಚಹಾ ಹಂಚುವವನಿಗೆ ಕೈಮುಗಿದಳು. ಚೆನ್ನಾಗಿ ಬಾರದ್ದಕ್ಕೆ ಇಲ್ಲಿ ಮತ್ತೆ ಮಾಡಿಸುತ್ತಾರೆಂದು ಆಮೇಲೆ ಯಾರೋ ಹೇಳಿದರು. ಆ ಕಥೆ ಸೆಟ್ಟಿನಿಂದ ಸೆಟ್ಟಿಗೆ ಅವಳಿಗಿಂತ ಮೊದಲೇ ತಲುಪುತ್ತಿತ್ತು.

ಈ ಬೆಳಗ್ಗೆ ಹೆಬ್ಬಗೋಡಿಯ ಬಾಡಿಗೆ ಮನೆಯ ಮೆಟ್ಟಿಲಿನಲ್ಲಿ ಮಗಳು ಶಾಂಭವಿ ಶಿಫ್ಟಿನ ಬಸ್ಸಿಗೆ ಓಡುತ್ತಲೇ ಹೇಳಿದ್ದಳು: “ಅವ್ವಾ, ಇವತ್ತ ಒದರಬ್ಯಾಡ.”

“ನಾ ಎಲ್ಲಿ ಒದರತೇನಿ?”

“ನೀ ಹಾಲಿನಾಂವನ್ನ ಕರದ್ರ ಮೂರನೇ ಕ್ರಾಸಿನ್ಯಾಗಿನ ಹಾಲಿನಾಂವ ಬರತಾನ!”

ಮಹಾನಂದಾ ನಗುತ್ತಲೇ ಹಳದಿ ಮಾರ್ಗದ ಮೆಟ್ರೋ ಹತ್ತಿ, ಆರ್.ವಿ. ರೋಡಿನಲ್ಲಿ ಹಸಿರಿಗೆ ಬದಲಿಸಿ, ಊರಿನ ಈ ತುದಿಯಿಂದ ಆ ತುದಿಗೆ ಬಂದಿದ್ದಳು. ಹೆಸರಿರುವ ಕಲಾವಿದರಿಗೆ ಚಿತ್ರತಂಡದ ಗಾಡಿ ಹೋಗುತ್ತದೆ. ಪಾತ್ರಕ್ಕೆ ಹೆಸರು ಬಂದಿತ್ತು, ಗಾಡಿ ಇನ್ನೂ ಬಂದಿರಲಿಲ್ಲ. ದಾರಿಯುದ್ದಕ್ಕೂ ಆ ಎರಡು ಮಾತನ್ನು ತುಟಿಯೊಳಗೇ ಆಡಿಕೊಂಡಳು. ಎದುರಿಗೆ ಕೂತಿದ್ದ ಹೆಂಗಸು, ಜಪ ಮಾಡುತ್ತಿದ್ದಾಳೆಂದು ತಿಳಿದೋ ಏನೋ, ಮೊಬೈಲಿನ ಸದ್ದು ಸಣ್ಣದು ಮಾಡಿದಳು.

“ಇನ್ನೊಂದು ಹೋಗೋಣ?” ಎಂದ ಅಂಬರೀಶ್.

ಹೋದರು. ಈ ಸಲ ಅವಳು ನಿಜವಾಗಿಯೂ ಕಮ್ಮಿ ಮಾಡಿದಳು. ಮುಚ್ಚಳ ತೆಗೆದಳು, ನೋಡಿದಳು, ಮಾತಾಡಿದಳು. ದನಿ ಮೇಜು ದಾಟಲಿಲ್ಲ. ಮಾತು ಮುಗಿದಾಗ ಅಂಬರೀಶ್ ಗಡ್ಡ ಕೆರೆದುಕೊಂಡ. ಜೋರಾಗಿ ಮಾಡಿದ್ದಕ್ಕಿಂತ ಈ ಟೇಕು ಕೆಟ್ಟದಾಗಿತ್ತು. ಅವಳಿಗೇ ಅದು ಗೊತ್ತಾಯಿತು.

“ಹೊರಗ ಕಮ್ಮಿ ಮಾಡಿದ್ರ ಒಳಗೂ ಕಮ್ಮಿ ಆಗ್ತದ ಸರ,” ಎಂದಳು. “ಎರಡೂ ಒಂದೇ ನಲ್ಲಿ ಇದ್ದಂಗ.”

ಅಂಬರೀಶ್ ನಗಲಿಲ್ಲ. ಚಂದಾಪುರದವನು, ಮೂವತ್ತು ದಾಟಿದವನು. ಅವಳು ಒಂದು ಧಾರಾವಾಹಿಯಲ್ಲಿ ಮೂಲೆಯಲ್ಲಿ ಕಾಯಿಪಲ್ಲೆ ಹೆಚ್ಚುವುದನ್ನು ಕಂಡು ಹುಡುಕಿ ಬಂದಿದ್ದ. “ಮಾತಿಲ್ದೆ ಕೂತಿದ್ರಿ. ಆದ್ರೂ ಎಲ್ರನ್ನೂ ಬಿಟ್ಟು ನಿಮ್ಮನ್ನೇ ನೋಡ್ತಿದ್ದೆ,” ಎಂದಿದ್ದ ಅಂದು. ಈಗ ಕುರ್ಚಿಯಿಂದ ಎದ್ದು ಬಂದು ಅವಳ ಎದುರು ನಿಂತ. “ನಿಮಗೇನು ಅಡ್ಡ ಬರ್ತಿದೆ ಅಮ್ಮ? ಹೇಳಿ.”

ಅವಳು ಡಬ್ಬಿಯನ್ನು ಕೈಯಲ್ಲಿ ತೂಗಿದಳು. “ಇದು ಖಾಲಿ ಐತ್ರಿ.”

“ಒಳಗೆ ಕಾಣಲ್ಲ ಅಮ್ಮ. ಶಾಟ್ ನಿಮ್ಮ ಮುಖದ್ದು.”

“ನನಗ ಕಾಣ್ತದಲ್ಲ. ಉಂಡಿಲ್ಲ ಅಂತೀನಿ. ಉಣ್ಣಾಕ ಏನೂ ಇಲ್ಲ ಒಳಗ.”

ಅಂಬರೀಶ್ ಗುರುರಾಜನ ಕಡೆ ನೋಡಿದ. ಗುರುರಾಜ್ ಕೈಚೆಲ್ಲಿದ. “ಊಟ ಬರೋದು ಒಂದೂವರೆಗೆ ಸಾರ್. ಬಂದ್ರೂ ಅನ್ನ ಸಾಂಬಾರು. ಇನ್ನು ಆ ಪ್ರೆಸ್ ಬೇರೆ. ಎರಡು ಸಲ ಹೋಗಿ ಬಂದೆ. ಅರ್ಜೆಂಟ್ ಆರ್ಡರ್, ನಿಲ್ಲಿಸಲ್ಲ ಅಂತಾರೆ. ಆ ಸದ್ದಲ್ಲಿ ನಾನು ಹೇಳೋದು ಅವರಿಗೆ ಕೇಳಿಸಲ್ಲ, ಅವರು ಬೈಯೋದು ನಂಗೆ ಕೇಳಿಸಲ್ಲ.” ಆಮೇಲೆ ಮಹಾನಂದಾಳ ಕಡೆ ತಿರುಗಿ, “ಸೂಪರ್‌ವೈಸರ್ ನಿಮ್ಮ ಕಡೆಯೋನೇ ಅಮ್ಮ, ಭರಮಪ್ಪ ಅಂತೆ. ನೀವೇ ಹೋಗಿ ನೋಡಿ. ನಿಮ್ಮ ದನಿ ಹೆಂಗೂ ಇದೆಯಲ್ಲ,” ಎಂದ.

ಚುಚ್ಚಲೆಂದೇ ಆಡಿದ ಮಾತು. ಮಹಾನಂದಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಳು.

ಪಕ್ಕದ ಶೆಡ್ಡಿನ ಶಟರು ಅರ್ಧ ತೆರೆದಿತ್ತು. ಒಳಗೆ ಎಣ್ಣೆಯ ವಾಸನೆ, ಕತ್ತರಿಸಿದ ತಗಡಿನ ಹೊಳಪು. ಐದು ಜನ ಕಿವಿಗೆ ಹತ್ತಿ ತುರುಕಿಕೊಂಡು ಬಗ್ಗಿ ಕೆಲಸ ಮಾಡುತ್ತಿದ್ದರು. ದೊಡ್ಡ ಪ್ರೆಸ್ಸಿನ ಎದುರು ನರೆತ ಮೀಸೆಯ ಒಬ್ಬ, ಬೆನ್ನು ಬಾಗಿಲಿಗೆ. ಪ್ರತಿ ಏಟಿಗೂ ತಗಡಿನ ಛಾವಣಿ ಆ ಸದ್ದನ್ನು ವಾಪಸು ಎಸೆಯುತ್ತಿತ್ತು. ಇಂಥ ಕಡೆ ಗಂಟಲಿನಿಂದ ಕೂಗಿದರೆ ಗಂಟಲು ಹರಿಯುತ್ತದೆ ಅಷ್ಟೇ. ಮಹಾನಂದಾ ಕಾಲು ಅಗಲಿಸಿ ನಿಂತು, ಹೊಟ್ಟೆಯ ತಳಕ್ಕೆ ಉಸಿರು ಇಳಿಸಿದಳು. ಏಟು ಮತ್ತು ಏಟಿನ ಸಂದಿಯನ್ನು ನೋಡಿಕೊಂಡು ನೆಲದ ಜನರ ಕೊನೆಯ ಸಾಲಿಗೆ ಕಳಿಸುವ ದನಿಯನ್ನು ಕಳಿಸಿದಳು.

“ಭರಮಪ್ಪಾ!”

ಐವರೂ ಒಟ್ಟಿಗೆ ತಿರುಗಿದರು. ನರೆತ ಮೀಸೆಯವನು ಸ್ವಿಚ್ಚು ಆರಿಸಿದ. ಪ್ರೆಸ್ಸಿನ ದೊಡ್ಡ ಚಕ್ರ ಸುತ್ತುತ್ತ ಸುತ್ತುತ್ತ ನಿಧಾನವಾಗಿ ನಿಂತಿತು. ಅವನು ಕಿವಿಯಿಂದ ಹತ್ತಿ ತೆಗೆದು ಬಾಗಿಲಲ್ಲಿದ್ದ ಮಾಸಿದ ಸೀರೆಯ ಮುದುಕಿಯನ್ನು ಮೇಲೆ ಕೆಳಗೆ ನೋಡಿದ.

“ಯಾರ್ರೀ ನೀವ? ಈ ದನಿ ನಾ ಕೇಳೀನಲ್ಲ.”

“ಟೀವ್ಯಾಗ ಕೇಳಿರಬೇಕು.”

“ಟೀವ್ಯಾಗಿಂದಲ್ಲ ಇದು. ತಡೀರಿ, ತಡೀರಿ.” ಅವನು ಎಣ್ಣೆ ಮೆತ್ತಿದ ಬೆರಳನ್ನು ಗಾಳಿಯಲ್ಲಿ ಅಲ್ಲಾಡಿಸಿದ. “ಕುಷ್ಟಗಿ ಕ್ಯಾಂಪು! ಬಸ್‌ಸ್ಟ್ಯಾಂಡ್ ಹಿಂದ ಟೆಂಟ್ ಇತ್ತು. ನೀವ ವಿಷ ಕುಡದ ಸಾಯಾಕಿ!”

“ನಾ ಬಾಳ ಊರಾಗ ಸತ್ತೀನಪಾ.”

“ಯವ್ವಾ! ನಾವ ಹಿಂದ ನೆಲದಾಗ ಕುಂತು ಒನ್ಸ್ ಮೋರ್ ಅಂತ ಒದರಿದ್ವಿ. ನೀವ ಎದ್ದು, ಸೀರಿ ಜಾಡಿಸ್ಕೊಂಡು, ಮತ್ತ ಆ ಹಾಡು ಹೇಳಿ ಮತ್ತ ಸತ್ತಿರಿ!”

“ಮೂರನೇ ಸಲಾನೂ ಕೇಳಿದ್ರಿ. ಮಾಲಕರು ಬ್ಯಾಡ ಅಂದ್ರು, ಹಿಂಗ ಸಾಯ್ಕೋತ ಕುಂತ್ರ ಬೆಳಕ ಹರೀತದ ಅಂತ.”

ಭರಮಪ್ಪ ಎದೆ ತುಂಬ ನಕ್ಕ. ಹಿಂದಿನಿಂದ ಮುತ್ತು ಎನ್ನುವವನು ಮುಂದೆ ಬಂದ. “ಅಣ್ಣಾ, ಸತ್ತ ಎದ್ದಾಕಿ ಅಂತ ದಿನಾ ನಮ್ಮ ತಲಿ ತಿಂತಿದ್ದಿ. ಅವರ ಇವರೇನು? ನಾವೆಲ್ಲಾ ನೀ ಬುರುಡಿ ಬಿಡತಿ ಅಂತಿದ್ವಿ.”

“ನೋಡಲೇ ಈಗ. ಕಣ್ಣ ತುಂಬ ನೋಡು.” ಭರಮಪ್ಪ ಕೈ ಒರೆಸಿಕೊಂಡು ದೂರದಿಂದಲೇ ನಮಸ್ಕಾರ ಮಾಡಿದ. “ಏನ ಬೇಕ್ರಿ ಅಕ್ಕಾರ?”

“ಒಂದೀಟು ಹೊತ್ತು ಸುಮ್ಮಕ ಇರೂದ ಬೇಕು. ಮತ್ತ ನಿಮ್ಮ ಡಬ್ಬಿ ಬೇಕು.”

“ಡಬ್ಬಿ?”

“ಖಾಲಿದು ಅವರ ಹಂತ್ಯಾಕ ಐತಿ. ನನಗ ತುಂಬಿದ್ದು ಬೇಕು.”

ಭರಮಪ್ಪ ಗೂಟಕ್ಕೆ ತೂಗುಹಾಕಿದ್ದ ಚೀಲದಿಂದ ಡಬ್ಬಿ ತೆಗೆದು, ಅಂಗಿಯ ತುದಿಯಿಂದ ಅದರ ಮೇಲಿನ ಎಣ್ಣೆ ಕೈಗುರುತು ಒರೆಸಿದ. “ರೊಟ್ಟಿ, ಬದ್ನಿಕಾಯಿ ಪಲ್ಯ ಐತ್ರಿ. ಮ್ಯಾಲೆ ನೋಡಬ್ಯಾಡ್ರಿ, ಗಲೀಜ ಐತಿ. ನಾ ತೊಳ್ಯಾಂವ ಅಲ್ಲ. ಉಂಡಿಂದ ಹಂಗ ಚೀಲಕ್ಕ ಹಾಕೋದು, ಸಂಜಿಕ ಆಕಿ ಕಡಿಂದ ಬೈಸ್ಕೊಳ್ಳೋದು.”

“ಅವನೊಬ್ಬನ ಅಲ್ರೀ,” ಎಂದ ಮುತ್ತು. “ಇಲ್ಲಿ ಎಲ್ಲಾರದೂ ಅದ ಹಾಡು.”

“ಪ್ರೆಸ್ ಬಂದ್ ಇರ್ತೈತಿ, ನೀವ ಸಾಕು ಅನ್ನೂತನಕ,” ಎಂದ ಭರಮಪ್ಪ. “ನಮ್ಮ ಊಟದ ಹೊತ್ತು ಈಗ ತಗೋತೀವಿ. ಆದ್ರ ಒಂದ ಮಾತು. ನಾವ ನೋಡಬೇಕು.”

ಅವರು ಐವರೂ ಅವಳ ಹಿಂದೆ ಬಂದು ಶೂಟಿಂಗಿನ ಶೆಡ್ಡಿನ ಶಟರಿನ ಪಕ್ಕ ಸಾಲಾಗಿ ನಿಂತರು. ಗುರುರಾಜ್ ಬೆರಳನ್ನು ತುಟಿಗಿಟ್ಟು ತೋರಿಸಿದ. ಅವರೂ ಹಾಗೆಯೇ ತುಟಿಗೆ ಬೆರಳಿಟ್ಟು ತಲೆಯಾಡಿಸಿದರು.

ಮಹಾನಂದಾ ಮೇಜಿನ ಎದುರು ನಿಂತಳು. ಅಂಗಾಲಿನ ಕೆಳಗೆ ನೆಲ ಸತ್ತಂತೆ ಸುಮ್ಮನಿತ್ತು. ಬೆಳಗಿನಿಂದ ಒಂದೇ ಸಮನೆ ಬಡಿದ ಸದ್ದು ನಿಂತಾಗ ಉಳಿಯುವ ಮೌನಕ್ಕೆ ಒಂದು ತೂಕ ಇರುತ್ತದೆ. ಈ ತೂಕ ಅವಳಿಗೆ ಹೊಸದಲ್ಲ. ಎಲ್ಲಿ ಎಂದು ಹುಡುಕುವ ಮೊದಲೇ ನೆನಪಾಯಿತು. ಯಾವುದೋ ಕ್ಯಾಂಪಿನಲ್ಲಿ ನಡುನಾಟಕದಲ್ಲಿ ಜನರೇಟರ್ ನಿಂತುಹೋಗಿತ್ತು. ಮೈಕು ಸತ್ತಿತು, ದೀಪ ಆರಿತು. ಟೆಂಟಿನ ತುಂಬ ಶಿಳ್ಳೆ, ಗಲಾಟೆ. ಪುಟ್ಟ ಮಹಾನಂದಾ ಪರದೆಯ ಸಂದಿಯಿಂದ ನೋಡುತ್ತಿದ್ದಳು. ರಂಗದ ಮೇಲೆ ತಾಯಿ ಮಲಕವ್ವ ಒಬ್ಬಳೇ. ಅವಳು ಕೂಗಲಿಲ್ಲ. ನಾಟಕದ ಮಗನ ಕೂಡ ಮಾತಾಡುವ ಹಾಗೆ, ಪಕ್ಕದಲ್ಲಿ ಕೂತವನಿಗೆ ಹೇಳುವಷ್ಟೇ ದನಿಯಲ್ಲಿ, ಮಾತು ಮುಂದುವರಿಸಿದಳು. ಮೊದಲು ಮುಂದಿನ ಸಾಲು ಸುಮ್ಮನಾಯಿತು. ಅವರು ಸುಮ್ಮನಾದದ್ದಕ್ಕೆ ಅವರ ಹಿಂದಿನವರು. ಕತ್ತಲಿನಲ್ಲಿ ಆ ಮೌನ ಹಿಂದೆ ಹಿಂದೆ ಹೋಗಿ ನೆಲದ ಜನರನ್ನು ಮುಟ್ಟಿದ್ದು ಪರದೆಯ ಹಿಂದಿದ್ದ ಮಗುವಿಗೂ ತಿಳಿದಿತ್ತು. “ದನಿ ಇಳಿಸು, ಮಂದಿ ತಾವ ಹತ್ತರ ಬರತಾರ,” ಎಂದಿದ್ದಳು ಅವ್ವ ಆಮೇಲೆ, ಬಣ್ಣ ಒರೆಸುತ್ತ. “ಮಾತ ಸಣ್ಣದ ಮಾಡಬ್ಯಾಡ ಮತ್ತ. ದನಿ ಅಷ್ಟ.”

ಮಗಳ ಕಾಲಕ್ಕೆ ಮೈಕುಗಳು ಒಳ್ಳೆಯವು ಬಂದವು, ಜನರೇಟರುಗಳು ನಿಲ್ಲಲಿಲ್ಲ. ಆ ವಿದ್ಯೆ ಬೇಕಾಗಲೇ ಇಲ್ಲ.

“ಆ್ಯಕ್ಷನ್.”

ಡಬ್ಬಿ ಭಾರವಿತ್ತು. ಮುಚ್ಚಳ ತುಸು ಬಿಗಿಯಾಗಿ ಕೂತಿತ್ತು. ಯಾವುದೋ ಮನೆಯಲ್ಲಿ ಯಾರೋ ಬೆಳಗ್ಗೆ ಅಂಗೈ ಊರಿ ಒತ್ತಿದ ಬಿಗಿ. ಅದು ಬಿಟ್ಟುಕೊಂಡಾಗ ಬದನೆಕಾಯಿಯ, ಶೇಂಗಾಪುಡಿಯ ವಾಸನೆ ಬಂತು. ಮಡಿಸಿದ ರೊಟ್ಟಿ ಹಾಗೆಯೇ ಇತ್ತು.

“ಇದು ನನ್ನ ಮಗಂದಲ್ರೀ,” ಎಂದಳು ಮೇಜಿನಾಚೆಯವನಿಗೆ, ಅವನ ತಪ್ಪನ್ನು ಅವನೊಬ್ಬನಿಗೇ ತಿಳಿಸುವ ಹಾಗೆ. “ನನ್ನ ಮಗಾ ಡಬ್ಬಿ ತೊಳದ ಇಡತಿದ್ದ.”

ರೊಟ್ಟಿಯ ಅಂಚನ್ನು ಬೆರಳು ಮುಟ್ಟಿತು.

“ಉಂಡಿಲ್ಲ ನೋಡ್ರಿ.”

ಹೆಡ್‌ಫೋನಿನೊಳಗೆ ಅಂಬರೀಶನಿಗೆ ಅವಳ ಬಳೆಯೊಂದು ಡಬ್ಬಿಯ ಅಂಚಿಗೆ ತಾಗಿದ್ದು ಕೇಳಿತು. ಅವನು “ಕಟ್” ಅನ್ನಲಿಲ್ಲ. ಈ ಮೌನಕ್ಕಾಗಿಯೇ ಅವನು ಇಡೀ ದೃಶ್ಯ ಬರೆದದ್ದು.

“ಒನ್ಸ್ ಮೋರ್!”

ಭರಮಪ್ಪ. ಅವನ ದನಿ ಒಡೆದಿತ್ತು. ಅವನ ಬೆನ್ನಿಗೇ ಮುತ್ತು ಕೂಗಿದ. ಇನ್ನೊಬ್ಬ ಶಿಳ್ಳೆ ಹಾಕಿದ. ತಗಡಿನ ಛಾವಣಿ ಅದನ್ನೆಲ್ಲ ಹಿಡಿದು ಎರಡರಷ್ಟು ಮಾಡಿ ಕೆಳಗೆ ಸುರಿಯಿತು.

“ಅಯ್ಯೋ! ಟೇಕ್ ರೋಲಿಂಗಲ್ಲಿದೆ ಕಣ್ರೀ!” ಗುರುರಾಜ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡ. “ಹೋಯ್ತು. ಎಲ್ಲ ಹೋಯ್ತು. ಆಚೆ ನಡೀರಿ, ಎಲ್ರೂ ಆಚೆ ನಡೀರಿ!”

ಅಂಬರೀಶ್ ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಿದ್ದ. “ಬಂದಿತ್ತು ಅಮ್ಮ,” ಎಂದ ಮೆಲ್ಲಗೆ. “ಪೂರ್ತಿ ಬಂದಿತ್ತು. ಮಾತಾದ್ಮೇಲಿನ ಆ ನಿಶ್ಶಬ್ದ ಒಂದೇ ಹೋಯ್ತು. ಅದಿಲ್ದೆ ಸೀನಿಲ್ಲ.” ಅವನು ಅವಳ ಮುಖ ನೋಡಿದ, ಕೇಳಲು ಹೆದರಿದಂತೆ. “ಮತ್ತೆ ಆಗುತ್ತಾ?”

ಭರಮಪ್ಪ ಶಟರಿನ ಬಳಿ ಕುಗ್ಗಿ ನಿಂತಿದ್ದ. “ತಪ್ಪಾತ್ರಿ ಯವ್ವಾ. ಬಾಯಿ ತಡೀಲಿಲ್ಲ. ಟೆಂಟಿನ್ಯಾಗ ಕುಂತಂಗ ಆತು.”

ಮಹಾನಂದಾ ಅವನನ್ನು ನೋಡುತ್ತ ನಿಂತಳು. ಈ ಊರಿಗೆ ಬಂದ ಮೇಲೆ ಅವಳು ಎಷ್ಟೋ ಸಲ ಮಾಡಿದ್ದನ್ನೇ ಮತ್ತೆ ಮಾಡಿದ್ದಳು. ಬೆಳಕು ಸರಿ ಇರಲಿಲ್ಲವೆಂದು, ಎದುರಿಗಿದ್ದವರು ಮಾತು ಮರೆತರೆಂದು, ತಾನು ಜೋರಾದೆನೆಂದು. ನೋಡಿದವರು ಬೇಕೆಂದು ಕೇಳಿದ್ದಕ್ಕೆ ಒಮ್ಮೆಯೂ ಮಾಡಿರಲಿಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿ, ಶಟರಿನ ಕಡೆ ತಿರುಗಿ, ಕಂಪನಿಯಲ್ಲಿ ಮಾಡುತ್ತಿದ್ದ ಹಾಗೆ ಎರಡೂ ಕೈ ಹಣೆಗೆ ಮುಟ್ಟಿಸಿ ನಮಸ್ಕಾರ ಮಾಡಿದಳು. ಈ ಸಲ ಯಾರೂ ನಗಲಿಲ್ಲ.

“ಅವರು ಇಲ್ಲೇ ಇರ್ಲಿ ಗುರುರಾಜ್,” ಎಂದಳು. “ಕೇಳ್ಯಾರ. ಕೊಡಬೇಕು.”

ಆಮೇಲೆ ಭರಮಪ್ಪನಿಗೆ: “ಈ ಸಲ ಒದರಬ್ಯಾಡ್ರಿ ಮತ್ತ. ಬಂದದ್ದು ಒಳಗ ಇಟಗೋರಿ.”

ಒನ್ಸ್ ಮೋರ್‌ಗೆ ಕಂಪನಿಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಮೊದಲಿನದನ್ನೇ ತಿರುಗಿ ಕೊಡಬಾರದು. ಕೂದಲೆಳೆಯಷ್ಟಾದರೂ ಹೊಸದು ಇರಬೇಕು, ಇಲ್ಲದಿದ್ದರೆ ಕೇಳಿದವರಿಗೆ ಅವಮಾನ. ಅವಳು ಡಬ್ಬಿಯ ಮುಚ್ಚಳ ಮೊದಲಿನಂತೆ ಬಿಗಿಯಾಗಿ ಒತ್ತಿ, ಮೇಜಿನ ಮೇಲೆ ಅದರ ಜಾಗಕ್ಕೆ ಸರಿಸಿ, ಕಣ್ಣು ಮುಚ್ಚಿ ತೆರೆದಳು.

“ಆ್ಯಕ್ಷನ್.”

ಮಾತುಗಳು ಅವೇ. ದನಿಯೂ ಅಷ್ಟೇ. “ಉಂಡಿಲ್ಲ ನೋಡ್ರಿ,” ಎಂದ ಮೇಲೆ ಅವಳು ಸುಮ್ಮನೆ ನಿಲ್ಲಲಿಲ್ಲ. ಮಡಿಸಿದ ರೊಟ್ಟಿಯ ಅಂಚು ಹೊರಗೆ ಇಣುಕದಂತೆ ಒಳಗೆ ಸರಿಪಡಿಸಿದಳು. ಮುಚ್ಚಳ ಹಾಕಿದಳು. ದಾರಿಯಲ್ಲಿ ಪಲ್ಯ ಚೆಲ್ಲಬಾರದೆಂದು ಅಂಗೈ ಊರಿ ಒತ್ತಿದಳು, ಒಂದು ಸಲ, ಇನ್ನೊಂದು ಸಲ. ಆಮೇಲೆ ಯಾರಿಗೋ ಕೊಡುವವಳಂತೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ಮುಂದೆ ಚಾಚಿದಳು.

ಭರಮಪ್ಪ ಎಣ್ಣೆಗೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದ. ಮುತ್ತು ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಮೇಜಿನಾಚೆ ಆಫೀಸಿನವನ ಪಾತ್ರ ಮಾಡುತ್ತಿದ್ದವನು ಮುಂದೇನು ಮಾಡಬೇಕೆಂದು ತಿಳಿಯದೆ ಎದ್ದು ನಿಂತುಬಿಟ್ಟ. ಸ್ಕ್ರಿಪ್ಟಿನಲ್ಲಿ ಅವನು ಏಳುವುದು ಇರಲಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ, ಯಾರನ್ನೋ ನಿದ್ದೆಯಿಂದ ಎಬ್ಬಿಸಲು ಮನಸ್ಸಿಲ್ಲದವನಂತೆ, ಅಂಬರೀಶ್ “ಕಟ್” ಎಂದ.

ಚಪ್ಪಾಳೆ ಇರಲಿಲ್ಲ. ಅಂಬರೀಶ್ ಮಾನಿಟರಿನಲ್ಲಿ ಅದನ್ನು ಮೊದಲಿನಿಂದ ಮತ್ತೆ ನೋಡಿದ. ಎದ್ದವನ ಹೆಗಲು ಚೌಕಟ್ಟಿನ ಅಂಚಿಗೆ ಬಂದದ್ದನ್ನೂ ನೋಡಿದ. “ಅದೂ ಇರ್ಲಿ,” ಎಂದ. ಆಮೇಲೆ ಗುರುರಾಜನನ್ನು ಕರೆದು ಏನೋ ಹೇಳಿದ.

ಗುರುರಾಜ್ ಫೋನು ಕೈಯಲ್ಲಿ ಹಿಡಿದೇ ಬಂದ. ಬೆಳಗಿನ ಮುಖ ಅವನದಾಗಿರಲಿಲ್ಲ. “ಅಮ್ಮ, ಹೆಬ್ಬಗೋಡೀಲಿ ನಿಮ್ಮನೆ ಎಲ್ಲಿ ಬರುತ್ತೆ? ಲೊಕೇಶನ್ ಕಳ್ಸಿ. ನಾಳೆ ಬೆಳಗ್ಗೆ ಗಾಡಿ ಬರುತ್ತೆ.”

“ಮೆಟ್ರೋ ಐತಲ್ಲ, ಸೀದಾ ಬರ್ತೀನಿ.”

“ಮೆಟ್ರೋ ಬೇಡಮ್ಮ. ಶೂಟ್ ಮುಗಿಯೋವರೆಗೂ ಗಾಡಿ ಬರುತ್ತೆ.” ಫೋನಿನಲ್ಲಿ ಮ್ಯಾಪ್ ತೆರೆದು, “ಮನೆ ಮುಂದೆ ತಿರುಗಿಸೋಕೆ ಜಾಗ ಇದೆಯಾ?” ಎಂದು ಕೇಳಿದ.

“ತಿರುಗಸಾಕ ಜಾಗ ಇಲ್ಲ. ಹಿಂದ ಹಿಂದ ಬರಬೇಕು. ಇಡೀ ಗಲ್ಲಿ ಎದ್ದು ನೋಡತದ.” ಅದನ್ನು ಹೇಳುವಾಗ ಅವಳ ಮುಖದಲ್ಲಿ ಬಂದ ನಗುವನ್ನು ಅವಳು ತಡೆಯಲಿಲ್ಲ.

ಡಬ್ಬಿಯನ್ನು ಅವಳೇ ಭರಮಪ್ಪನ ಕೈಗೆ ಕೊಟ್ಟಳು. ಅವನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ಏನೋ ಹೇಳಲು ಬಾಯಿ ತೆರೆದು, ಒಳಗೆ ಇಟ್ಟುಕೊಳ್ಳಲು ಹೇಳಿದ್ದು ನೆನಪಾದವನಂತೆ ಮುಚ್ಚಿಕೊಂಡು, ಹೊರಟುಹೋದ.

ಅವಳ ಇವತ್ತಿನ ಕೆಲಸ ಮುಗಿದಿತ್ತು. ಬಣ್ಣ ತೊಳೆದು, ತನ್ನ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಹೊರಬರುತ್ತಿದ್ದಂತೆ ಶಾಂಭವಿಯ ಫೋನು ಬಂತು. ಊಟದ ಬಿಡುವಿನಲ್ಲಿದ್ದಳು. ಹಿಂದೆ ಪ್ಲೇಟುಗಳ ಸದ್ದು.

“ಏನಾತ ಅವ್ವಾ? ಒದರಿದೇನು ಮತ್ತ?”

“ಒದರಿದೆ.”

“ಅಯ್ಯೋ!”

“ಇಲ್ಲಲ್ಲ. ಬಾಜೂ ಶೆಡ್ಡಿನ್ಯಾಗ ಒದರಿದೆ. ಸಂಜಿಕ ಹೇಳ್ತೀನಿ. ನಾಳೆ ಗಾಡಿ ಬರ್ತೈತಂತ, ಗಲ್ಲಿಯಾಗಿನ ಆ ಸ್ಕೂಟರ್ ತಗಸಾಕ ಹೇಳು.”

ಮೆಟ್ರೋ ಸ್ಟೇಷನ್ನಿನ ಕಡೆಗೆ ಹೋಗುವ ದಾರಿ ಪಕ್ಕದ ಶೆಡ್ಡಿನ ಹಿಂಬದಿಯಿಂದ ಹಾದುಹೋಗುತ್ತಿತ್ತು. ಪ್ರೆಸ್ ಇನ್ನೂ ಶುರುವಾಗಿರಲಿಲ್ಲ. ಗೋಡೆಯ ಬಳಿ ಒಂದು ನಲ್ಲಿ, ನೀರು ಸಣ್ಣಗೆ ಬರುತ್ತಿತ್ತು. ಅದರ ಮುಂದೆ ಭರಮಪ್ಪ ಕುಕ್ಕರುಗಾಲಿನಲ್ಲಿ ಕೂತು ತನ್ನ ಡಬ್ಬಿಯನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದ, ಮುಚ್ಚಳದ ಒಳ ಅಂಚಿಗೆ ಬೆರಳು ಹಾಕಿ. ಅವನು ತಲೆ ಎತ್ತಲಿಲ್ಲ. ಅವನ ಹಿಂದೆ ಮುತ್ತು, ಮುತ್ತುವಿನ ಹಿಂದೆ ಉಳಿದ ಮೂವರು, ತಮ್ಮ ತಮ್ಮ ಡಬ್ಬಿ ಹಿಡಿದುಕೊಂಡು ಸರದಿಗೆ ನಿಂತಿದ್ದರು.